ಎದೆಯ ಮೇಲಿನ ತಾಯತ

ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳಿಸುವಾಗ ಕೊಡುವ ಕಾಗದಕ್ಕೆ ಡಿಸ್ಚಾರ್ಜ್ ಸಮರಿ ಎಂದು ಹೆಸರು. ಸಮರಿ ಎಂದರೆ ಸಾರಾಂಶ. ಕಥೆ ಮುಗಿದ ಮೇಲೆ ಬರೆಯುವುದು ಸಾರಾಂಶವೆಂದು ಎಂ.ಎ. ತರಗತಿಯಲ್ಲಿ ಕಲಿತವಳು ನಾನು. ಆದರೆ ಎದೆಯನ್ನು ಬಿಚ್ಚಿ ಮತ್ತೆ ಹೊಲಿಸಿಕೊಂಡ ಎಪ್ಪತ್ತೊಂದು ವರ್ಷದ ಮನುಷ್ಯನ ವಿಷಯದಲ್ಲಿ ಆ ಕಾಗದ ಕೈಗೆ ಬರುವ ಹೊತ್ತಿಗೆ ಕಥೆಯ ಅರ್ಧವೂ ಆಗಿರುವುದಿಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಎಲ್ಲ ನೆಟ್ಟಗಿದ್ದರೆ ಏಳೆಂಟು ದಿನಕ್ಕೆ ಮನೆಗೆ ಕಳಿಸುತ್ತಾರೆ. ಗರಗಸದಿಂದ ಕೊಯ್ದು, ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಈ ಎರಡು ಲೆಕ್ಕಗಳ ನಡುವಿನ ದಿನಗಳನ್ನು ಯಾರಾದರೂ ಕಾಯಬೇಕು. ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ಪಾಳಿಯ ಮೇಲೆ ದಾದಿಯರಿರುತ್ತಾರೆ. ಮನೆಯಲ್ಲಿ ಪಾಳಿ ಇರುವುದಿಲ್ಲ.

ಹೊರನಾಡಿನಲ್ಲಿ ನೌಕರಿ ಮಾಡುವ ನಮ್ಮಂಥವರಿಗೆ ಈ ಲೆಕ್ಕದಲ್ಲಿ ಮೂರನೆಯ ಕಲಮೊಂದು ಸೇರುತ್ತದೆ: ರಜೆ. ಕೇಂದ್ರ ಸರಕಾರದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, 8 ದಿನ ಸಾಂದರ್ಭಿಕ ರಜೆ. ಮಕ್ಕಳ ಆರೈಕೆಗೆಂದು ಹೆಣ್ಣುಮಕ್ಕಳಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಪ್ರತ್ಯೇಕ ರಜೆ ಉಂಟು, ಮತ್ತು ಅದು ಒಳ್ಳೆಯ ನಿಯಮ. ತಂದೆತಾಯಿಗಳಿಗೆಂದೇ ಅಂಥ ಪ್ರತ್ಯೇಕ ಕಲಮಿಲ್ಲ. ಇದ್ದ ರಜೆಯಲ್ಲಿಯೇ ಹಂಚಿಕೊಳ್ಳಬೇಕು. ಮಗಳ ಹತ್ತನೆಯ ತರಗತಿಯ ಪರೀಕ್ಷೆಗೆ ನಿಯಮ ನನ್ನನ್ನು ತಾಯಿಯೆಂದು ಗುರುತಿಸುತ್ತದೆ, ಅಪ್ಪನ ಎದೆಮೂಳೆಗೆ ಮಗಳೆಂದು ಗುರುತಿಸುವುದಿಲ್ಲ. ಇಪ್ಪತ್ತೊಂದು ದಿನದ ರಜೆ ಹಾಕಿ, ಪುಣೆಯಿಂದ ರಾತ್ರಿ ರೈಲು ಹಿಡಿದು ಹುಬ್ಬಳ್ಳಿಗೆ ಹೋದೆ. ಅದರಲ್ಲಿ ಹನ್ನೆರಡು ದಿನ ಶಸ್ತ್ರಚಿಕಿತ್ಸೆಯ ಮುಂಚಿನ ತಪಾಸಣೆ, ಶಸ್ತ್ರಚಿಕಿತ್ಸೆ, ವಾರ್ಡು ಇವುಗಳಿಗೇ ಹೋದವು.

ಮನೆಗೆ ಹೊರಡುವ ಮುಂಜಾನೆ ಆಸ್ಪತ್ರೆಯವರು ಔಷಧಗಳ ಚೀಲದ ಜೊತೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ಕೊಟ್ಟರು. ಬೆರಳಿಗೆ ಹಾಕುವ ಆಕ್ಸಿಮೀಟರು, ತೋಳಿಗೆ ಕಟ್ಟುವ ಬಿ.ಪಿ. ಯಂತ್ರ, ಇವನ್ನು ಕೊರೊನಾ ಕಾಲದಲ್ಲಿ ನಾವೆಲ್ಲ ನೋಡಿದ್ದೇವೆ. ಹೊಸದೆಂದರೆ ಎದೆಗೆ ಅಂಟಿಸುವ ಪ್ಯಾಚು. ಎಡಗಡೆಯ ಭುಜಾಸ್ಥಿಯ ಕೆಳಗೆ, ಹೊಲಿಗೆಯ ಸಾಲಿಗೆ ತಗಲದಂತೆ, ಬಾಳೆಹಣ್ಣಿನ ಸಿಪ್ಪೆಯ ತುಂಡಿನಷ್ಟು ಅಗಲದ ಆ ಪಟ್ಟಿಯನ್ನು ದಾದಿಯೊಬ್ಬಳು ಒತ್ತಿ ಅಂಟಿಸಿದಳು. ಅದರ ಎರಡು ತುದಿಗಳಲ್ಲಿ ಎರಡು ವಿದ್ಯುದ್ವಾರಗಳು; ಹೃದಯದ ವಿದ್ಯುತ್ತನ್ನು ಒಂದೇ ಕೋನದಿಂದ ಹಿಡಿಯುವ ಇ.ಸಿ.ಜಿ. ನಡುವೆ ಅಲುಗಾಟವನ್ನು ಗ್ರಹಿಸುವ ಚಿಕ್ಕ ಚಿಪ್ಪು: ರೋಗಿ ಮಲಗಿದ್ದಾನೋ ಕುಳಿತಿದ್ದಾನೋ, ಎಷ್ಟು ಹೆಜ್ಜೆ ನಡೆದ ಎಂಬುದು ಅದಕ್ಕೆ ತಿಳಿಯುತ್ತದೆ. ಉಸಿರಾಡುವಾಗ ಎದೆ ಏರಿಳಿಯುವುದರಿಂದ ಇ.ಸಿ.ಜಿ. ಅಲೆಯ ಎತ್ತರವೂ ತುಸು ಏರಿಳಿಯುತ್ತದೆ. ಅದರಿಂದ ಉಸಿರಿನ ಗತಿಯನ್ನು ಲೆಕ್ಕ ಹಾಕುತ್ತದೆ. ಚರ್ಮದ ಬಿಸಿ ಬೇರೆ. ಇದೆಲ್ಲ ಬ್ಲೂಟೂತಿನ ಮೂಲಕ ಮನೆಯಲ್ಲಿಟ್ಟ ಒಂದು ಫೋನಿಗೆ, ಅಲ್ಲಿಂದ ಆಸ್ಪತ್ರೆ ಗೊತ್ತುಮಾಡಿದ ಸೇವಾ ಸಂಸ್ಥೆಗೆ, ಅಲ್ಲಿಂದ ಪುಣೆಯಲ್ಲಿರುವ ನನ್ನ ಫೋನಿಗೆ.

ಅಪ್ಪ ಕುತ್ತಿಗೆ ಬಗ್ಗಿಸಿ ಅದನ್ನು ನೋಡಿಕೊಂಡರು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು, ಹೊಸ ವಸ್ತುವಿಗೆ ಹೆಸರಿಡದೆ ಬಿಡುವವರಲ್ಲ.

“ತಾಯತ ಕಟ್ಟಿಸಿದಿ ಅನ್ನು, ತಂಗಿ,” ಅಂದರು.

ವೇರಬಲ್ ಎಂಬ ಮಾತಿಗೆ ‘ಧರಿಸಬಹುದಾದ ಸಾಧನ’ ಎಂಬ ಉದ್ದನೆಯ ಕನ್ನಡವನ್ನು ನಮ್ಮ ಪತ್ರಿಕೆಗಳಲ್ಲಿ ನೋಡಿದ್ದೇನೆ. ಸರಕಾರಿ ಸುತ್ತೋಲೆಗೆ ಅದು ಆದೀತು. ಅಪ್ಪನ ಮಾತು ನನಗೆ ಬೇರೊಂದು ಕಾರಣಕ್ಕೆ ಹಿಡಿಸಿತು. ನಾಡಿಯನ್ನು ಗಡಿಯಾರ ಹಿಡಿದು ಎಣಿಸುವ ರೂಢಿಯನ್ನು ಇಂಗ್ಲಿಷ್ ವೈದ್ಯದಲ್ಲಿ ಗಟ್ಟಿಯಾಗಿ ನೆಲೆಗೊಳಿಸಲು ಹೊರಟವನು ಜಾನ್ ಫ್ಲಾಯರ್ ಎಂಬ ಲಿಚ್‌ಫೀಲ್ಡ್ ಊರಿನ ವೈದ್ಯ. 1707ರಲ್ಲಿ ಅವನು ಬರೆದ ಪುಸ್ತಕದ ವಿಷಯವೇ ನಾಡಿ-ಗಡಿಯಾರ. ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಅದಕ್ಕಾಗಿಯೇ ಮಾಡಿಸಿದ್ದ. ಅದೇ ಊರಿನ ಪುಸ್ತಕ ವ್ಯಾಪಾರಿಯ ಕೂಸಿಗೆ ಗಂಡಮಾಲೆ ಆದಾಗ ಈ ಲೆಕ್ಕಪಕ್ಕಾ ವೈದ್ಯ ಕೊಟ್ಟ ಸಲಹೆ ಏನು ಗೊತ್ತೆ? ಲಂಡನ್ನಿಗೆ ಕರೆದೊಯ್ದು ರಾಣಿಯ ಕೈಯಿಂದ ಮುಟ್ಟಿಸಿ ಎಂದು. 1712ರಲ್ಲಿ ರಾಣಿ ಆನ್ ಆ ಕೂಸನ್ನು ಮುಟ್ಟಿದಳು, ಕೊರಳಿಗೆ ಒಂದು ಚಿನ್ನದ ಬಿಲ್ಲೆ ಹಾಕಿದಳು. ಕೂಸಿನ ಹೆಸರು ಸಾಮ್ಯುಯೆಲ್ ಜಾನ್ಸನ್. ಗಂಡಮಾಲೆ ವಾಸಿಯಾಗಲಿಲ್ಲ, ಇಂಗ್ಲಿಷ್ ನಿಘಂಟನ್ನು ಕಟ್ಟಿದ ಆ ಮಹಾ ತರ್ಕಶೀಲ ಬಿಲ್ಲೆಯನ್ನು ಬದುಕಿರುವ ತನಕ ಕೊರಳಲ್ಲಿ ಇಟ್ಟುಕೊಂಡಿದ್ದ. ಎಣಿಸುವ ಗಡಿಯಾರವನ್ನೂ ಕಾಯುವ ತಾಯತವನ್ನೂ ಒಬ್ಬನೇ ವೈದ್ಯ ಒಂದೇ ಊರಿನಲ್ಲಿ ಬರೆದುಕೊಟ್ಟಿದ್ದ. ಮುನ್ನೂರು ವರ್ಷದ ಮೇಲೆ ಅವೆರಡೂ ಒಂದೇ ವಸ್ತುವಾಗಿ ಹಾವೇರಿ ಜಿಲ್ಲೆಯ ನಿವೃತ್ತ ಮಾಸ್ತರರ ಎದೆಯ ಮೇಲೆ ಅಂಟಿಕೊಂಡಿದ್ದವು.

ಈ ಯಂತ್ರಗಳ ಹಿಂದಿನ ಚರಿತ್ರೆಯನ್ನು ಆಗ ರಾತ್ರಿ ಕುಳಿತು ಓದಿಕೊಂಡೆ. ಕಾಯುವವರಿಗೆ ಓದು ಒಳ್ಳೆಯ ಸಂಗಾತಿ. ಹಾಲೆಂಡಿನ ಐಂತೋವನ್ ಇ.ಸಿ.ಜಿ.ಗೆಂದು ಕಟ್ಟಿದ ಮೊದಲ ಯಂತ್ರದ ತೂಕ ಸುಮಾರು 270 ಕೆ.ಜಿ.; ಅದನ್ನು ನಡೆಸಲು ಐದು ಜನ ಬೇಕಾಗುತ್ತಿತ್ತು. ಅದನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಲೈಡನ್ನಿನ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡ. ದೂರದಿಂದ ಹೃದಯ ನೋಡುವುದು ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಯಂತ್ರವನ್ನು ಹೊರಲಾಗದ ಕಷ್ಟದಿಂದ ಹುಟ್ಟಿದ್ದು. ನಂತರ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಎಂಬ ಭೌತವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಯಂತ್ರವನ್ನು ಮನುಷ್ಯನ ಬೆನ್ನಿಗೇ ಹೊರಿಸಿದ. ಅದು ಸುಮಾರು 38 ಕೆ.ಜಿ., ಅರ್ಧ ಚೀಲ ಜೋಳಕ್ಕಿಂತ ತುಸು ಕಡಿಮೆ. ಟ್ರಾನ್ಸಿಸ್ಟರ್ ಬಂದು ಅದನ್ನು ಜೇಬಿಗೆ ಇಳಿಸಿತು. ಇಂದಿಗೂ ವೈದ್ಯರು ‘ಒಂದು ದಿನ ಹೋಲ್ಟರ್ ಹಾಕಿಸಿ’ ಎನ್ನುವುದು ಅವನ ಹೆಸರನ್ನೇ.

ಆದರೆ ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಜಪಾನಿನ ತಕುಓ ಅಓಯಾಗಿ. ವೈದ್ಯಕೀಯ ಉಪಕರಣಗಳ ಕಂಪನಿಯೊಂದರಲ್ಲಿ ಇಂಜಿನಿಯರು. 1970ರ ದಶಕದ ಮೊದಲಲ್ಲಿ ಅವರು ಹುಡುಕುತ್ತಿದ್ದುದು ಆಮ್ಲಜನಕವನ್ನಲ್ಲ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ಒತ್ತುತ್ತದೆ ಎಂದು ಅಳೆಯಲು ಹೊರಟಿದ್ದರು. ನಾಡಿ ಬಡಿದಾಗಲೆಲ್ಲ ಬೆಳಕು ಅಲುಗಿ ಲೆಕ್ಕ ಕೆಡುತ್ತಿತ್ತು. ಈ ಅಲುಗಾಟವನ್ನು ಕಳೆದುಹಾಕಲು ಎರಡು ಬಣ್ಣದ ಬೆಳಕುಗಳನ್ನು ಬಳಸಿ ಒಂದರಿಂದ ಮತ್ತೊಂದನ್ನು ಸರಿದೂಗಿಸಿ ನೋಡಿದರು. ರಕ್ತದಲ್ಲಿನ ಆಮ್ಲಜನಕ ಬದಲಾದಾಗ ಮಾತ್ರ ಆ ಸರಿದೂಗಿಕೆ ತಪ್ಪುತ್ತಿತ್ತು. ಅಂದರೆ, ಅಡ್ಡಿಯೆಂದು ತೆಗೆದುಹಾಕಲು ಹೊರಟಿದ್ದ ಆ ಅಲುಗಾಟದೊಳಗೇ ಆಮ್ಲಜನಕದ ಲೆಕ್ಕ ಕುಳಿತಿತ್ತು. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಹಾಯಗೊಡುತ್ತದೆ, ಕಣ್ಣಿಗೆ ಕಾಣದ ಅವಗೆಂಪನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತದ ಗುಣ ಇದಕ್ಕೆ ತಿರುಗುಮುರುಗು. ನಾಡಿಯ ಜೊತೆ ಅಲುಗುವ ಭಾಗವನ್ನಷ್ಟೇ ಹಿಡಿದರೆ ಚರ್ಮ, ಮೂಳೆ, ಮಾಂಸವನ್ನೆಲ್ಲ ಬದಿಗಿಟ್ಟು ಅಪಧಮನಿಯ ರಕ್ತವನ್ನು ಮಾತ್ರ ನೋಡಿದಂತಾಗುತ್ತದೆ. 1974ರಲ್ಲಿ ಇದನ್ನು ಪ್ರಕಟಪಡಿಸಿದರು. 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕಾಗಿ ಅಂಗಡಿಗಳ ಮುಂದೆ ನಿಂತಿದ್ದ ಹೊತ್ತಿನಲ್ಲಿ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಜುಲೈನಲ್ಲಿ ನಮ್ಮ ಸರಕಾರ ಆಕ್ಸಿಮೀಟರು, ಬಿ.ಪಿ. ಯಂತ್ರ ಮುಂತಾದ ಐದು ಉಪಕರಣಗಳ ವ್ಯಾಪಾರದ ಲಾಭಾಂಶಕ್ಕೆ ಶೇಕಡಾ 70ರ ಮಿತಿ ಹಾಕಿತು. ಮಿತಿಯೇ 70 ಎಂದಮೇಲೆ ಮೊದಲು ಎಷ್ಟಿತ್ತೆಂದು ಲೆಕ್ಕಪರಿಶೋಧನೆಯವಳಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಓಯಾಗಿಯವರ ಯುಕ್ತಿ ಚರ್ಮವನ್ನು ಪೂರ್ತಿ ಬದಿಗಿಡಲಾರದು ಎಂಬುದು ಆಮೇಲೆ ಎದ್ದುಕಂಡಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೆರಳಿನ ಯಂತ್ರ 92ರಿಂದ 96 ಎಂದು ನೆಮ್ಮದಿ ಹೇಳುತ್ತಿರುವಾಗಲೇ ರಕ್ತ ತೆಗೆದು ಪರೀಕ್ಷಿಸಿದರೆ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6, ಕಪ್ಪು ರೋಗಿಗಳಲ್ಲಿ 11.7. ಮೂರು ಪಟ್ಟು. ಇದನ್ನು ಓದಿದಾಗ ನಾನು ಅಪ್ಪನ ಬೆರಳುಗಳನ್ನು ನೋಡಿದೆ. ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋಗುತ್ತಿದ್ದ ಕೈ. ಕಪ್ಪು ಮಣ್ಣಿನ ಸೀಮೆಯ ಕೈ. ನಮ್ಮ ದೇಶದಲ್ಲಿ ಬಣ್ಣಗಳು ಎಷ್ಟೊಂದು ಇವೆ, ಮಾರುವ ಪೆಟ್ಟಿಗೆಯ ಮೇಲೆ ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಜನವರಿಯ ಒಂದು ಮುಂಜಾನೆ ಅಪ್ಪನ ಬೆರಳು 89 ತೋರಿಸಿತು. ನಾನು ಚೀಟಿಯಲ್ಲಿನ ಫೋನ್ ನಂಬರು ಹುಡುಕುತ್ತಿದ್ದೆ. ನೆರೆಮನೆಯ ಅಜ್ಜಿ, ಹಾಲು ಕೊಡಲು ಬಂದವರು, ಅಪ್ಪನ ಕೈಯನ್ನು ಎರಡೂ ಅಂಗೈ ನಡುವೆ ಇಟ್ಟು ತಿಕ್ಕಿದರು. “ಕೈ ನೋಡವಾ, ಹೆಂಗ ತಣ್ಣಗದಾವು. ಬಿಸಿ ಮಾಡಿ ಹಚ್ಚು ನಿನ್ನ ಯಂತ್ರಾನ,” ಅಂದರು. ಹಚ್ಚಿದೆ. 96. ತಣ್ಣಗಾದ ಬೆರಳಿನಲ್ಲಿ ರಕ್ತದ ಓಡಾಟ ಕಡಿಮೆ, ನಾಡಿಯ ಅಲುಗಾಟವೂ ಕಡಿಮೆ, ಆದ್ದರಿಂದ ಯಂತ್ರ ಎಡವುತ್ತದೆ. ಮದರಂಗಿಯ ದಟ್ಟ ಬಣ್ಣವಿದ್ದರೂ ಹೀಗೇ ಆಗಬಹುದು. ಅಜ್ಜಿಗೆ ಅವಗೆಂಪು ಕಿರಣ ಗೊತ್ತಿರಲಿಲ್ಲ, ಜನವರಿಯ ಮುಂಜಾನೆ ಗೊತ್ತಿತ್ತು.

ರಜೆ ಮುಗಿಯಿತು. ಪುಣೆಗೆ ಬಂದೆ. ನಮ್ಮೂರಿಗೂ ಇಲ್ಲಿಗೂ ಐನೂರು ಕಿಲೋಮೀಟರಿನಷ್ಟು ದೂರ.

ಅಲ್ಲಿಂದ ಮುಂದೆ ಅಪ್ಪ ನನಗೆ ಗೆರೆಗಳಾಗಿ ಕಾಣತೊಡಗಿದರು. ಹಸಿರು ಗೆರೆ ಹೃದಯದ ಬಡಿತ, ನೀಲಿಯದು ಉಸಿರು. ಕಚೇರಿಯಲ್ಲಿ ಕಡತದ ಪಕ್ಕ ಫೋನು ಇಟ್ಟುಕೊಂಡಿರುತ್ತಿದ್ದೆ. ನಿದ್ದೆಯಲ್ಲಿ ಬಡಿತ 68ಕ್ಕೆ ಇಳಿಯುತ್ತದೆ, ಸ್ನಾನದ ಹೊತ್ತಿಗೆ 96ಕ್ಕೆ ಏರುತ್ತದೆ, ಊಟವಾದ ಮೇಲೆ ಉಸಿರು ಎರಡು ಹೆಚ್ಚಾಗುತ್ತದೆ. ಇಪ್ಪತ್ತು ವರ್ಷ ಅವರ ಮನೆಯಲ್ಲಿ ಬೆಳೆದವಳಿಗೆ ಗೊತ್ತಿರದ ಸಂಗತಿಗಳು ಮೂರು ದಿನದಲ್ಲಿ ಗೊತ್ತಾದವು. ಮನೆಯಲ್ಲಿ ಸಿಗ್ನಲ್ಲು ಸಿಗುವುದು ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಮಾತ್ರ; ಅವ್ವ ಅಲ್ಲಿಯೇ ಫೋನನ್ನು ಇಟ್ಟಿದ್ದಳು. ಅಪ್ಪ ಅದರಿಂದ ತುಸು ದೂರ ಹೋದರೆ ಗೆರೆ ಕಡಿದುಹೋಗುತ್ತಿತ್ತು. ದಿನಾ ಸಂಜೆ ಐದೂವರೆಯ ಸುಮಾರಿಗೆ ಹತ್ತು-ಹನ್ನೆರಡು ನಿಮಿಷ ಏನೂ ಇರುತ್ತಿರಲಿಲ್ಲ. ಆಗ ಅವರು ಹಿತ್ತಲಿನಲ್ಲಿ ಎಮ್ಮೆಯ ಹತ್ತಿರ ನಿಂತಿರುತ್ತಾರೆ ಎಂದು ನನಗೆ ತಿಳಿದಿತ್ತು. ದಿನದ ಗೆರೆಗಳಲ್ಲೆಲ್ಲ ಆ ಖಾಲಿ ಜಾಗವೇ ನನಗೆ ಹೆಚ್ಚು ಸಮಾಧಾನ ಕೊಡುತ್ತಿತ್ತು.

ಅವ್ವನಿಗೆ ಆ ಆ್ಯಪಿನಲ್ಲಿ ಅಂಕಿಗಳನ್ನು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಭಾಷೆ ಎರಡೇ: ಇಂಗ್ಲಿಷ್, ಹಿಂದಿ. ಮೊದಲ ದಿನ ಒಪ್ಪಿಗೆಯ ಪತ್ರವೆಂದು ಹದಿನಾಲ್ಕು ಪುಟ ಇಂಗ್ಲಿಷಿನಲ್ಲಿ ಕೊಟ್ಟಿದ್ದರು; ಅಪ್ಪ ಅದಕ್ಕೆ ದುಂಡಗಿನ ಮಾಸ್ತರರ ಕನ್ನಡದಲ್ಲಿ ಸಹಿ ಹಾಕಿದ್ದರು. ವೈಯಕ್ತಿಕ ದತ್ತಾಂಶಕ್ಕೆ ರಕ್ಷಣೆ ಕೊಡಲು 2023ರಲ್ಲಿ ಸಂಸತ್ತು ಕಾನೂನು ಮಾಡಿದೆ. ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದಿಕೊಳ್ಳುವ ಆಯ್ಕೆ ಕೊಡಬೇಕೆಂದು ಅದರಲ್ಲಿದೆ. ಕಾನೂನಿನ ಪುಟದಿಂದ ಪಡಸಾಲೆಯ ಕಿಟಕಿಗೆ ಬರಲು ಇನ್ನೂ ಸಮಯ ಹಿಡಿಯುವಂತೆ ಕಾಣುತ್ತದೆ. ಅವ್ವ ತನ್ನದೇ ದಫ್ತರ ಇಟ್ಟಿದ್ದಳು: ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ದಿನದಿನದ ಅಪ್ಪನ ತೂಕ. ಹೃದಯ ಸೋತು ಮೈಯಲ್ಲಿ ನೀರು ನಿಲ್ಲತೊಡಗಿದರೆ ಒಂದೆರಡು ದಿನದಲ್ಲೇ ತೂಕ ಕಿಲೋಗಟ್ಟಲೆ ಏರುತ್ತದೆ, ಕಾಲು ಬಾಯುವ ಮೊದಲೇ ಅದು ತಕ್ಕಡಿಗೆ ಗೊತ್ತಾಗುತ್ತದೆ ಎಂದು ದಾದಿ ಹೇಳಿಕೊಟ್ಟಿದ್ದಳು. ಅಷ್ಟೇ ಅಲ್ಲ, ಯಾವ ದಿನ ಎಷ್ಟು ರೊಟ್ಟಿ ತಿಂದರು ಎಂಬುದನ್ನೂ ಬರೆಯುತ್ತಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದ ಹದಿಮೂರನೆಯ ರಾತ್ರಿ, ಎರಡು ಗಂಟೆ ನಲವತ್ತು ನಿಮಿಷಕ್ಕೆ, ನನ್ನ ದಿಂಬಿನ ಪಕ್ಕದ ಫೋನು ಕೂಗಿತು. ಬಡಿತ 134. ಅದಕ್ಕಿಂತ ಹೆಚ್ಚಾಗಿ, ಬಡಿತದಿಂದ ಬಡಿತಕ್ಕೆ ಅಂತರ ಒಂದೇ ಸಮನಾಗಿರಲಿಲ್ಲ. ಬೈಪಾಸ್ ಆದವರಲ್ಲಿ ಐವರಲ್ಲಿ ಒಬ್ಬರಿಗಾದರೂ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗತೊಡಗುವುದುಂಟು. ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಹೆಚ್ಚಿನಂಶ ಆಸ್ಪತ್ರೆಯಲ್ಲಿರುವಾಗಲೇ, ಮೊದಲ ನಾಲ್ಕೈದು ದಿನಗಳಲ್ಲಿ ಆಗುತ್ತದೆ. ಕೆಲವರಿಗೆ ಮನೆಗೆ ಬಂದ ಮೇಲೆ. ಹಾಗೆಯೇ ಬಿಟ್ಟರೆ ಆ ಕೋಣೆಗಳಲ್ಲಿ ರಕ್ತ ನಿಂತು ಹೆಪ್ಪಾಗಿ, ಆ ಹೆಪ್ಪು ಮೆದುಳಿಗೆ ಹೋಗಿ ಲಕ್ವಾ ಹೊಡೆಯಬಹುದು. ಪ್ಯಾಚು ಅಂಟಿಸಿದ್ದೇ ಇದಕ್ಕಾಗಿ. ಯಂತ್ರ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು.

ಸೇವಾ ಸಂಸ್ಥೆಯ ನಂಬರಿಗೆ ಫೋನು ಮಾಡಿದೆ. ಮುದ್ರಿತ ಧ್ವನಿಯೊಂದು ನಮ್ಮ ಕೆಲಸದ ವೇಳೆ ಮುಂಜಾನೆ ಒಂಬತ್ತರಿಂದ ಸಂಜೆ ಆರು ಎಂದಿತು. ಅಷ್ಟರಲ್ಲಿ ಆ್ಯಪಿನಲ್ಲಿ ಒಂದು ಸಂದೇಶವೂ ಬಂತು: ನಿಮ್ಮ ಅಳತೆ ಅಸಹಜವಾಗಿದೆ, ದಾಖಲಿಸಿಕೊಂಡಿದ್ದೇವೆ, ದಯವಿಟ್ಟು ವೈದ್ಯರನ್ನು ಕಾಣಿರಿ. ಯಾವ ವೈದ್ಯರನ್ನು, ಎಲ್ಲಿ, ರಾತ್ರಿ ಮೂರು ಗಂಟೆಗೆ ಎಂಬುದು ಸಂದೇಶದಲ್ಲಿರಲಿಲ್ಲ.

ಅವ್ವನಿಗೆ ಫೋನು ಮಾಡಿದರೆ ಮೊದಲ ಗಂಟೆಗೇ ಎತ್ತಿದಳು. ಆಗಲೇ ಎದ್ದು ಅಪ್ಪನ ಪಕ್ಕದಲ್ಲಿ ಕೂತಿದ್ದಳು.

“ಉಸಿರು ಬ್ಯಾರೆ ಕೇಳಾಕತ್ತಿತ್ತು. ಎಬ್ಬಿಸಿ ಕೂಡ್ಸೀನಿ. ಎದಿಯಾಗ ಏನೋ ಪಟಪಟ ಅಂತೈತಿ ಅಂತಾರ.”

ಚಿಕ್ಕಪ್ಪನ ಮಗ ಊರಿನಲ್ಲಿ ಟ್ರ್ಯಾಕ್ಸ್ ಓಡಿಸುತ್ತಾನೆ. ಅವನು ಎದ್ದು, ಹಿಂದಿನ ಸೀಟಿಗೆ ಗಾದಿ ಹಾಸಿ, ಅಪ್ಪನನ್ನು ಜಿಲ್ಲಾ ಆಸ್ಪತ್ರೆಗೆ ಮುಟ್ಟಿಸುವಾಗ ನಾಲ್ಕು ಗಂಟೆ ಹತ್ತು ನಿಮಿಷ. ಪಾಳಿಯಲ್ಲಿದ್ದ ತರುಣ ವೈದ್ಯ ಹನ್ನೆರಡು ಲೀಡಿನ ಇ.ಸಿ.ಜಿ. ತೆಗೆದು, ಅದೇ ಎಂದು ಖಾತ್ರಿ ಮಾಡಿಕೊಂಡು, ಹುಬ್ಬಳ್ಳಿಯ ವೈದ್ಯರನ್ನು ಫೋನಿನಲ್ಲಿ ಎಬ್ಬಿಸಿ ಕೇಳಿ, ರಕ್ತನಾಳಕ್ಕೆ ಔಷಧ ಕೊಟ್ಟ. ಬೆಳಗಾಗುವ ಹೊತ್ತಿಗೆ ಬಡಿತ ನೂರರೊಳಗೆ ಇಳಿದಿತ್ತು. ಹುಬ್ಬಳ್ಳಿಯಲ್ಲಿ ಎರಡು ದಿನ ಇಟ್ಟುಕೊಂಡು, ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಸೇರಿಸಿ ಕಳಿಸಿದರು. ಸೇವಾ ಸಂಸ್ಥೆಯಿಂದ ಮುಂಜಾನೆ ಒಂಬತ್ತೂ ಹತ್ತಕ್ಕೆ ಒಬ್ಬ ಹುಡುಗಿ ಬಹಳ ವಿನಯದಿಂದ ಫೋನು ಮಾಡಿದಳು. ಅವಳ ತಪ್ಪೇನಿಲ್ಲ, ಅವಳ ಪಾಳಿ ಆಗಷ್ಟೇ ಶುರುವಾಗಿತ್ತು.

ನನ್ನ ವೃತ್ತಿಯಲ್ಲಿ ಆಕ್ಷೇಪಣೆ ಎತ್ತುವುದು ಅತಿ ಸುಲಭದ ಕೆಲಸ. ಆಡಿಟ್ ಪ್ಯಾರಾ ಬರೆದ ದಿನದಿಂದ ಅದಕ್ಕೊಂದು ನಂಬರು, ಒಂದು ಗಡುವು, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇರಬೇಕು. ಆ ಕೊನೆಯ ಕಲಮು ಖಾಲಿಯಿದ್ದರೆ ಪ್ಯಾರಾ ಎಷ್ಟೇ ಸೊಗಸಾಗಿರಲಿ, ಕಪಾಟಿನಲ್ಲಿ ಹಳದಿಯಾಗುತ್ತದೆ. ಎದೆಯ ಪ್ಯಾಚು ಎತ್ತುವ ಕೂಗೂ ಒಂದು ಆಕ್ಷೇಪಣೆಯೇ. ಉತ್ತರಿಸುವವರ ಹೆಸರು ಅದರ ಮುಂದೆ ಬರೆದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಹೃದಯ ಸೋಲುವ ಕಾಯಿಲೆಯವರನ್ನು ಮನೆಯಲ್ಲಿರಿಸಿ ದೂರದಿಂದ ನೋಡಿಕೊಳ್ಳುವ ಬಗ್ಗೆ ಎರಡು ದೊಡ್ಡ ಪರೀಕ್ಷೆಗಳು ನಡೆದಿವೆ. ಎರಡರ ಉತ್ತರವೂ ಬೇರೆ. 2010ರಲ್ಲಿ ಅಮೆರಿಕದಿಂದ ಬಂದ ವರದಿಯಲ್ಲಿ 1,653 ರೋಗಿಗಳಿದ್ದರು. ಅರ್ಧ ಜನ ದಿನಾ ಟೆಲಿಫೋನಿನ ಸ್ವಯಂಚಾಲಿತ ಧ್ವನಿಗೆ ತಮ್ಮ ತೂಕ, ಲಕ್ಷಣಗಳನ್ನು ಒತ್ತಿ ತಿಳಿಸಬೇಕು. ವಾರದ ಕೆಲಸದ ದಿನಗಳಲ್ಲಿ ಆಸ್ಪತ್ರೆಯವರು ಅದನ್ನು ನೋಡುತ್ತಾರೆ. ಆರು ತಿಂಗಳ ಕೊನೆಗೆ ಮತ್ತೆ ಆಸ್ಪತ್ರೆ ಸೇರಿದವರು ಇಲ್ಲವೇ ತೀರಿಕೊಂಡವರು ಈ ಗುಂಪಿನಲ್ಲಿ ಶೇಕಡಾ 52.3, ಏನೂ ವಿಶೇಷ ಇಲ್ಲದ ಗುಂಪಿನಲ್ಲಿ 51.5. ಅಂದರೆ ವ್ಯತ್ಯಾಸವೇ ಇಲ್ಲ. ಏಳು ಜನರಲ್ಲಿ ಒಬ್ಬರು ಒಂದು ದಿನವೂ ಆ ಯಂತ್ರಧ್ವನಿಯ ಜೊತೆ ಮಾತಾಡಿರಲಿಲ್ಲ, ಮತ್ತು ನನಗೆ ಅವರ ಬಗ್ಗೆ ಒಂದಿಷ್ಟು ಗೌರವವಿದೆ. 2018ರಲ್ಲಿ ಜರ್ಮನಿಯಿಂದ ಬಂದ ವರದಿಯಲ್ಲಿ ಸುಮಾರು ಅಷ್ಟೇ ಜನ, 1,571. ಅಲ್ಲಿ ದಿನಾ ಇ.ಸಿ.ಜಿ., ಬಿ.ಪಿ., ತೂಕ, ಆಮ್ಲಜನಕ ಬರ್ಲಿನ್ನಿನ ಒಂದು ಕೇಂದ್ರಕ್ಕೆ ಹೋಗುತ್ತಿದ್ದವು. ಆ ಕೇಂದ್ರದಲ್ಲಿ ವೈದ್ಯರೂ ದಾದಿಯರೂ ಹಗಲು ರಾತ್ರಿ ಕೂತಿರುತ್ತಿದ್ದರು, ರೋಗಿಗಳೊಂದಿಗೆ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದು ವರ್ಷದಲ್ಲಿ ಆಸ್ಪತ್ರೆಯ ಪಾಲಾದ ಅಥವಾ ಸಾವಿನಿಂದ ಕಳೆದ ದಿನಗಳು ಸರಾಸರಿ 24ರಿಂದ 18ಕ್ಕೆ ಇಳಿದವು. ಸಾವುಗಳೂ ಕಡಿಮೆಯಾದವು. ಎರಡು ಪರೀಕ್ಷೆಗಳ ನಡುವೆ ಯಂತ್ರಗಳು ಸುಧಾರಿಸಿದ್ದು ನಿಜ. ಆದರೆ ಕೂತಿರುವ ಜನ ಬದಲಾದದ್ದು ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಪೆಟ್ಟಿಗೆಯನ್ನು ಮಾರುವುದು ಸುಲಭ, ರಾತ್ರಿ ಪಾಳಿಗೆ ಸಂಬಳ ಕೊಡುವುದು ಕಷ್ಟ. ಕೊಳ್ಳುವವರು ಪೆಟ್ಟಿಗೆಯ ಬೆಲೆ ಕೇಳುವ ಮೊದಲು ರಾತ್ರಿ ಎರಡೂವರೆಗೆ ಯಾರು ಎತ್ತುತ್ತಾರೆ ಎಂದು ಕೇಳಬೇಕು. ನಾನು ಆ ಆಸ್ಪತ್ರೆಗೆ ಎರಡು ಪುಟದ ಪತ್ರ ಬರೆದು ಇದನ್ನೇ ಕೇಳಿದ್ದೇನೆ. ಉತ್ತರ ಬಾಕಿ ಇದೆ.

ಆ ರಾತ್ರಿಯ ನಂತರದ ವಾರದಲ್ಲಿ ನಡೆದ ಇನ್ನೊಂದು ಮಾತನ್ನು ಬರೆಯಬೇಕು. ದಿನಾ ಸಂಜೆ ಅಪ್ಪನಿಗೆ ಫೋನು ಮಾಡುತ್ತಿದ್ದೆ. ಮಾಡುವ ಹೊತ್ತಿಗೆ ನನ್ನ ಮುಂದೆ ಗೆರೆಗಳೆಲ್ಲ ಇರುತ್ತಿದ್ದವು. ಅವತ್ತು ಅಪ್ಪ ಬಾಯಿ ತೆರೆಯುವ ಮೊದಲೇ, “ರಾತ್ರಿ ಒಂದರಿಂದ ಮೂರರ ತನಕ ನಿದ್ದೆ ಬಂದಿಲ್ಲ ಅಲ್ಲ ಅಪ್ಪಾ? ಇವತ್ತು ನಾಲ್ಕುನೂರು ಹೆಜ್ಜೆ ಅಷ್ಟೇ ಆಗೇದ,” ಅಂದೆ.

ಅತ್ತಕಡೆ ತುಸು ಹೊತ್ತು ಮಾತಿರಲಿಲ್ಲ.

“ಎಲ್ಲಾ ನಿನಗ ಗೊತ್ತೇ ಐತಲ್ಲ ತಂಗಿ. ಹಂಗಾರ ನಾ ಹೇಳೂದು ಏನು ಉಳೀತು?”

ಸಿಟ್ಟಿನ ಧ್ವನಿಯಾಗಿರಲಿಲ್ಲ. ಮಕ್ಕಳು ಪಾಠವನ್ನು ಮೊದಲೇ ಓದಿಕೊಂಡು ಬಂದ ದಿನ ಮಾಸ್ತರರಿಗೆ ಆಗುವಂಥದೇನೋ ಇತ್ತು ಅದರಲ್ಲಿ. ನಾನು ಫೋನಿನ ಪರದೆಯನ್ನು ಬೋರಲು ಹಾಕಿ, ಹೇಳು ಅಪ್ಪಾ, ಯಾಕ ನಿದ್ದಿ ಬರಲಿಲ್ಲ, ಎಂದು ಕೇಳಿದೆ. ಆಗ ಹೇಳಿದರು. ಕೆಮ್ಮು ಬಂದರೆ ಎದೆ ಬಿಚ್ಚಿಹೋಗುತ್ತದೆ ಎಂಬ ಹೆದರಿಕೆ. ಕೆಮ್ಮುವಾಗ ಎದೆಗೆ ಒತ್ತಿ ಹಿಡಿಯಲು ಆಸ್ಪತ್ರೆಯವರು ಒಂದು ದಿಂಬು ಕೊಟ್ಟಿದ್ದರು. ಅದನ್ನು ಅಪ್ಪಿಕೊಂಡೇ ರಾತ್ರಿಯೆಲ್ಲ ಕೂತಿರುತ್ತಿದ್ದರಂತೆ. ಮತ್ತೆ, ಯಾವುದರಲ್ಲೂ ಮನಸ್ಸಿಲ್ಲ, ಪೇಪರು ಬಿಚ್ಚಿದರೆ ಅಕ್ಷರ ಕಾಣುತ್ತವೆ, ಅರ್ಥ ಮುಟ್ಟುವುದಿಲ್ಲ ಎಂದರು. ಬೈಪಾಸ್ ಆದವರಲ್ಲಿ ಇಂಥ ಕುಗ್ಗುವಿಕೆ ಸಾಮಾನ್ಯವೆಂದು ವೈದ್ಯರಿಗೆಲ್ಲ ಗೊತ್ತು. ಅದಕ್ಕೆ ಪ್ಯಾಚಿನಲ್ಲಿ ಗೆರೆಯಿಲ್ಲ. ಅಂದು ನಾವು ನಲವತ್ತು ನಿಮಿಷ ಮಾತಾಡಿದೆವು. ಗೆರೆ ಮೊದಲು ನೋಡಬೇಡ, ಮೊದಲು ನನ್ನ ಕೇಳು, ಆಮೇಲೆ ತಾಳೆ ನೋಡು ಎಂದು ಅಪ್ಪ ಒಂದು ನಿಯಮ ಮಾಡಿದರು. ಹಾಗೆಯೇ ನಡೆಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದದ್ದೂ ಉಂಟು. ಒಂದು ಸಂಜೆ ಮೆಟ್ಟಿಲು ಹತ್ತಿಲ್ಲವೆಂದು ಸಾಧಿಸಿದರು, ಮಾಳಿಗೆಗೆ ಹೋಗಿ ಜೋಳದ ಚೀಲ ನೋಡಿ ಬಂದದ್ದನ್ನು ಪ್ಯಾಚು ಹೇಳಿತು.

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಬೇಗ ಕಂಡುಹಿಡಿಯಲು ಒಂದು ಅಂಕಪಟ್ಟಿಯಿದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದದ್ದು, 2017ರಲ್ಲಿ ತಿದ್ದಿದ್ದು. ಉಸಿರು ನಿಮಿಷಕ್ಕೆ 12ರಿಂದ 20ರೊಳಗಿದ್ದರೆ ಸೊನ್ನೆ, 25ಕ್ಕೆ ಮುಟ್ಟಿದರೆ ಮೂರು. ನಾಡಿ 131 ಮೀರಿದರೆ ಮೂರು. ಹೀಗೆ ಆರು ಬಾಬುಗಳು. ಅವುಗಳಲ್ಲಿ ಐದನ್ನು ಯಂತ್ರಗಳು ಅಳೆಯಬಲ್ಲವು. ಆರನೆಯದು ಎಚ್ಚರ: ರೋಗಿ ಸರಿಯಾಗಿ ಎಚ್ಚರವಾಗಿದ್ದಾನೆಯೇ, ಹೊಸದಾಗಿ ಗಲಿಬಿಲಿಗೊಂಡಿದ್ದಾನೆಯೇ. ಇದಕ್ಕೂ ಪೂರ್ತಿ ಮೂರು ಅಂಕ. ಇದನ್ನು ತಿಳಿಯಲು ಪಕ್ಕದಲ್ಲಿ ನಿಂತು ಮಾತಾಡಿಸಬೇಕು. ಗಲಿಬಿಲಿ ಹೊಸದೋ ಹಳೆಯದೋ ಗೊತ್ತಾಗಬೇಕಾದರೆ ಆ ಮನುಷ್ಯ ಮೊದಲು ಹೇಗೆ ಮಾತಾಡುತ್ತಿದ್ದನೆಂದೂ ಗೊತ್ತಿರಬೇಕು.

ಪ್ಯಾಚನ್ನು ಎರಡು ವಾರಕ್ಕೊಮ್ಮೆ ಬದಲಿಸಿ, ಒಟ್ಟು ಆರು ವಾರ ಇಟ್ಟುಕೊಂಡಿದ್ದರು. ಕೊನೆಯದನ್ನು ಚಿಕ್ಕಪ್ಪನ ಮಗನೇ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಿದ. ಚರ್ಮದ ಮೇಲೆ ಅದರ ಆಕಾರದ ಬಿಳುಪು ಗುರುತು, ಅಂಚಿಗೆ ತುಸು ತುರಿಕೆ. ಆ ಸಂಜೆ ಫೋನಿನಲ್ಲಿ ಅಪ್ಪನಿಗೆ ಇದ್ದ ಚಿಂತೆಯೇ ಬೇರೆ: ತಾಯತವನ್ನು ಕಸದಲ್ಲಿ ಒಗೆಯುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು, ಇದರೊಳಗೆ ಬ್ಯಾಟರಿ ಐತಿ, ನೀರಿಗೆ ಬಿಟ್ಟರೆ ಮೀನಿನ ಗತಿ ಏನು? ಪೆಟ್ಟಿಗೆಗೆ ಹಾಕಿ ಕೊರಿಯರಿನಲ್ಲಿ ವಾಪಸು ಕಳಿಸಬೇಕೆಂದು ವಿಳಾಸ ಕೊಟ್ಟೆ. ರಸೀದಿಯನ್ನು ಅವರು ವಾಟ್ಸಾಪಿನಲ್ಲಿ ಕಳಿಸಿದರು.

ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಈಗ ಅವ್ವನ ಸೀರೆಯ ಸೆರಗಿನ ಗಂಟಿನಲ್ಲಿರುತ್ತದೆ. ಸಂಜೆ ಐದೂವರೆಗೆ ಮಾಡಿದರೆ ಯಾರೂ ಎತ್ತುವುದಿಲ್ಲ. ಇಬ್ಬರೂ ಹಿತ್ತಲಿನಲ್ಲಿರುತ್ತಾರೆ, ಅಲ್ಲಿ ಸಿಗ್ನಲ್ಲಿಲ್ಲ. ಆರಕ್ಕೆ ಮಾಡುತ್ತೇನೆ. ಕ್ಯಾಲೆಂಡರಿನಲ್ಲಿ ತೂಕ ಬರೆಯುವುದನ್ನು ಅವ್ವ ಬಿಟ್ಟಿಲ್ಲ. ಮೊನ್ನೆ 61.5 ಅಂತೆ, ರೊಟ್ಟಿ ಎರಡೂವರೆ.